ಹಿಂದೆ ನೋಡಿ ಓಡು

ಮಾರ್ಚ್ ೧೪, ಭಾನುವಾರ

ಪ್ರೀತಿಯ ತಂಗಿ,

ಮೊದಲು ನೆನಪಿನ ಓಟದ ಖರ್ಚು ಹೇಳಿಬಿಡುತ್ತೇನೆ, ಕ್ಷೇಮಸಮಾಚಾರ ಆಮೇಲೆ. ಗಾಳಿ ತುಂಬಿಸುವ ಕಮಾನು ಒಂದು, ಅದರ ಮೇಲೆ ತೀರಿಹೋದ ನನ್ನ ತಮ್ಮನ, ಅಂದರೆ ನಿನ್ನ ಸಣ್ಣಣ್ಣನ ಮುಖ. ಮೈದಾನದ ತುಂಬ ಮೆತ್ತನೆಯ ಕುರ್ಚಿ. ಮಕ್ಕಳಿಗೆಲ್ಲ ಟೀ ಶರ್ಟು. ಭಾಷಣಕಾರರಿಗೆ ಕಾರು, ಆ ಕಾರಿಗೊಂದು ನೆರಳಿನ ಚಪ್ಪರ. ನೀನು ಬಳೆ ಮಾರಿ ಕಳಿಸಿದ ದುಡ್ಡು ಆ ನೆರಳಿಗೇ ಸರಿಹೋಯಿತೆಂದು ಕಾಣುತ್ತದೆ. ಕಾಗದ ತಡವಾಯಿತು, ಬೈಯಬೇಡ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತಮ್ಮನ ಹೆಸರಿನ ಟ್ರಸ್ಟಿಗೆ ಈಗ ಹಲ್ಲಿನ ಡಾಕ್ಟರು ಅಧ್ಯಕ್ಷರು. ಅವನಿದ್ದಾಗ ಒಂದು ಭಾನುವಾರವೂ ಮೈದಾನದ ಕಡೆ ತಲೆಹಾಕದ ಮಹಾನುಭಾವರು. ಈಗ ಮೈಕು ಸಿಕ್ಕರೆ ಸಾಕು, "ನಾನೂ ಅವನೂ ಒಂದೇ ತಟ್ಟೇಲಿ ಉಂಡೋರು" ಎನ್ನುತ್ತಾರೆ. ತಟ್ಟೆ ನಮ್ಮ ಮನೆಯದು. ಅದರಲ್ಲಿ ಅವರ ಬೆರಳನ್ನು ನಾನಂತೂ ಕಂಡಿಲ್ಲ.

ನನ್ನ ತಮ್ಮ ಭಾನುವಾರ ಭಾನುವಾರ ಓಡಿಸುತ್ತಿದ್ದ ಮಕ್ಕಳಿಗೆ ಹೇಳುತ್ತಿದ್ದುದು ಒಂದೇ ಮಾತು: "ಹಿಂದೆ ನೋಡಿ ಓಡ್ರೋ." ಹಿಂದುಳಿದವರನ್ನು ಮರೆಯಬೇಡಿ ಅಂತ. ಪದಕ ಗೆದ್ದ ಕಾಲಿಟ್ಟುಕೊಂಡು ಅವನು ಓಡುತ್ತಿದ್ದದ್ದು ಎಲ್ಲರಿಗಿಂತ ಹಿಂದೆ, ಕೊನೆಯ ಮಗುವಿನ ಬೆನ್ನಿಗೆ. ಅವನ ಮೈದಾನದಲ್ಲಿ ಯಾವ ಮಗುವೂ ಕೊನೆ ಬಂದದ್ದಿಲ್ಲ. ಕೊನೆ ಬರುತ್ತಿದ್ದವನು ಅವನೇ. ಆ ಮಾತನ್ನು ಟೀ ಶರ್ಟಿಗೆ ಹಾಕಿಸಿ ಎಂದು ಅವನ ಹೆಂಡತಿ ಕೇಳಿಕೊಂಡಳು. ಟೀ ಶರ್ಟು ಬಂತು. ಎದೆಯ ಮೇಲೆ ದಪ್ಪಕ್ಷರ: "ಹಿಂದೆ ನೋಡದೆ ಓಡು!"

"ಇದೇನ್ರೀ ಡಾಕ್ಟ್ರೇ?" ಎಂದೆ.

"ಹಿಂದೆ ನೋಡಿ ಓಡಿದ್ರೆ ಮಕ್ಕಳು ಮುಗ್ಗರಿಸಲ್ವೇ ಯಜಮಾನ್ರೇ? ತಪ್ಪಾಗಿತ್ತು, ನಾನೇ ತಿದ್ದಿಸ್ದೆ. ಥ್ಯಾಂಕ್ಸ್ ಗೀಂಕ್ಸ್ ಏನೂ ಬೇಡ ಬಿಡಿ."

ಗಟ್ಟಿ ಹಲ್ಲನ್ನೂ ಕಿತ್ತು ಅಭ್ಯಾಸ, ಪಾಪ.

ಮಕ್ಕಳು ಟೀ ಶರ್ಟು ಹೇಳಿದಂತೆಯೇ ಓಡಿದರು. ಮೊದಲು ಬಂದವರಿಗೆ ನನ್ನ ಅಂಗಡಿಯ ಶೂ ಬಹುಮಾನ. ಅವರೆಲ್ಲ ಒಳ್ಳೊಳ್ಳೆ ಶೂ ಹಾಕಿಕೊಂಡೇ ಓಡಿದ್ದರು ಅನ್ನು. "ಇನ್ಮುಂದೆ ನಮ್ಮ ಟ್ರಸ್ಟು ವೇಗದ ಮಕ್ಕಳಿಗೆ ಮಾತ್ರ" ಎಂದು ಡಾಕ್ಟರು ಸಾರಿದರು. ಚಪ್ಪಾಳೆ. ಕಮಾನಿನವನು ಗಾಳಿ ಬಿಟ್ಟ. ತಮ್ಮನ ಮುಖ ಕೆನ್ನೆ ಜೋತು, ಗದ್ದ ಸೊಟ್ಟಗಾಗಿ ನೆಲಕ್ಕೆ ಒರಗಿತು. ಆಗ ತಿರುವಿನಲ್ಲಿ ಒಬ್ಬಳು ಗುಂಡು ಹುಡುಗಿ ಕಂಡಳು, ಏದುಸಿರು ಬಿಡುತ್ತ, ಮತ್ತೆ ಮತ್ತೆ ತಿರುಗಿ ಹಿಂದೆ ನೋಡುತ್ತ. ಹಿಂದೆ ಯಾರೂ ಇಲ್ಲ.

"ಆ ಮಗೂನ ಯಾರಾದ್ರೂ ಪಕ್ಕಕ್ಕೆ ಕರ್ಕೊಳ್ರೀ, ಕಮಾನು ಮಡಿಚ್ಬೇಕು!" ಎಂದರು ಡಾಕ್ಟರು.

ತಮ್ಮನ ಹೆಂಡತಿ ವೇದಿಕೆಯಿಂದ ಇಳಿದಳು. ಚಪ್ಪಲಿ ಬಿಟ್ಟು ಓಡಿದವಳೇ, ಹುಡುಗಿಯನ್ನು ದಾಟಿ, ಬಳಸಿ, ಅವಳ ಹಿಂದೆ ಬಂದಳು.

"ಮೇಡಂ, ಫೋಟೋ ಬಾಕಿ ಇದೆ!" ಡಾಕ್ಟರು ಕೂಗಿದರು.

"ತೆಕ್ಕೊಳ್ಳಿ, ಬೆನ್ನು ಕಾಣತ್ತಲ್ಲ!"

ಟ್ರಸ್ಟಿಗೆ ರಾಜೀನಾಮೆ ಬಿಸಾಕಿ, ಅಲ್ಲಿ ಕೈಬಿಟ್ಟ ಮಕ್ಕಳನ್ನೆಲ್ಲ ಅವಳು ಈಗ ನನ್ನ ಗೋದಾಮಿನ ಹಿಂದಿನ ರಸ್ತೆಯಲ್ಲಿ ಓಡಿಸುತ್ತಾಳೆ. ಕಮಾನಿಲ್ಲ. ಇನ್ನು ದುಡ್ಡು ಕಳಿಸುವುದಿದ್ದರೆ ಅಲ್ಲಿಗೆ ಕಳಿಸು.

ನಿನ್ನ ಮಕ್ಕಳು ಗೆಲ್ಲಲಿ ಎಂದು ಹರಸುವುದಿಲ್ಲ. ಹಿಂದೆ ತಿರುಗುವ ಕುತ್ತಿಗೆ ಅವರಿಗಿರಲಿ.

ಇಂತಿ,
ನಿನ್ನ ದೊಡ್ಡಣ್ಣ

ಮರೆತ ಮಾತು: ನನ್ನ ಕುಂಟು ನಿನಗೆ ಗೊತ್ತು, ಇದು ಗೊತ್ತಿಲ್ಲ, ನೀನಾಗ ತೊಟ್ಟಿಲಲ್ಲಿದ್ದೆ. ಶಾಲೆಯ ದಾರಿಯಲ್ಲಿ ಹುಡುಗರೆಲ್ಲ ಮುಂದೆ, ನಾನು ಬಾಲ. ಊರಿಗೇ ಚುರುಕು ಕಾಲಿನ ತಮ್ಮ ದಿನಾ ನನ್ನ ಹಿಂದೆ. "ಮುಂದೆ ಹೋಗೋ" ಎಂದರೆ, "ನೀನು ಜೋರು ಕಣಣ್ಣ, ನನ್ನ ಕೈಲಾಗ್ತಿಲ್ಲ" ಎನ್ನುತ್ತಿದ್ದ. ಈಗ ಲೆಕ್ಕ ಮುಗಿಸುತ್ತೇನೆ. ಡಾಕ್ಟರಿಗೆ ಫೋಟೋ. ವೇಗದ ಮಕ್ಕಳಿಗೆ ಇನ್ನೊಂದು ಜೊತೆ ಶೂ. ಗುಂಡು ಹುಡುಗಿಗೆ ಬೆನ್ನಿಗೊಬ್ಬಳು. ನನಗೆ, ತಿರುಗಿ ನೋಡಿದರೆ, ಖಾಲಿ ರಸ್ತೆ.