ಮೊಳೆ ಚುಚ್ಚಿದ ಹುಣ್ಣು

ಮಾರ್ಚ್ 2
ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದವನು. ಮಾತಾಡಿದರೆ ನಾಲಿಗೆಯ ಹುಣ್ಣು ಉರಿಯುತ್ತದೆ, ಬಯ್ಯುವುದನ್ನೆಲ್ಲ ಇದರಲ್ಲೇ ಬಯ್ಯಿರಿ ಎಂದು ಸೊಸೆ ಡೈರಿ ಕೊಟ್ಟಿದ್ದಾಳೆ. ದೊಡ್ಡ ಉಪಕಾರ.

ಒಂದು ಸೋಫಾಕ್ಕೆ ರೆಕ್ಸಿನ್ ಹೊದಿಸಿದೆ. ಮೊಳೆ ಬಾಯಲ್ಲಿಟ್ಟುಕೊಂಡು ಒಂದೊಂದೇ ತೆಗೆದು ಹೊಡೆಯುವುದು ನಮ್ಮ ಪದ್ಧತಿ. ಹುಣ್ಣು ಅದರದ್ದೇ. ಸೊಸೆ ಬಿಡುತ್ತಿಲ್ಲ, ನಾಳೆ ಆಸ್ಪತ್ರೆಯಂತೆ.

ಮಾರ್ಚ್ 3
ಹೋದ ವರ್ಷ ಲಾಕ್‌ಡೌನಿನಲ್ಲಿ ಇದೇ ಹುಣ್ಣಿಗೆ ಬಂದಾಗ, ಇದೇ ಆಸ್ಪತ್ರೆಯ ಗೇಟಿನಲ್ಲಿ, ಜ್ವರ-ಕೆಮ್ಮಿನವರಿಗೆ ಮಾತ್ರ ಎಂದು ಅಟ್ಟಿದ್ದರು. ಫೋನಿನಲ್ಲಿ ಸಿಕ್ಕ ಡಾಕ್ಟರಿಗೆ ಮೊಳೆ ಚುಚ್ಚಿದೆ ಎಂದೆ. ಹೂಂ ಎಂದು ವಿಟಮಿನ್ ಮಾತ್ರೆ ಹೇಳಿದರು. ಆಮೇಲೆ ಎಲ್ಲರ ಬಾಯಿಗೂ ಮಾಸ್ಕ್... ಯಾರು ನೋಡುತ್ತಾರೆ.

ಇವತ್ತಿನ ಡಾಕ್ಟರಮ್ಮ ಟಾರ್ಚ್ ಹಾಕಿ ನೋಡಿದರು.

"ಯಜಮಾನ್ರೇ, ಲಾಕ್‌ಡೌನಲ್ಲಿ ಅಂಗಡಿ ಮುಚ್ಚಿತ್ತಲ್ವಾ? ಆಗ ಬಾಯಲ್ಲಿ ಮೊಳೆ ಇತ್ತಾ?"

"ಇಲ್ಲ."

"ಮತ್ತೆ ಹುಣ್ಣು ಯಾಕೆ ವಾಸಿಯಾಗ್ಲಿಲ್ಲ?"

ಈ ಪ್ರಶ್ನೆ ಇಷ್ಟು ದಿನ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದಾರೆ.

ಮಾರ್ಚ್ 15
ಕ್ಯಾನ್ಸರ್.

ಹೋದ ವರ್ಷವೇ ಆಗಿದ್ದರೆ ಉಗುರಿನಷ್ಟು ತೆಗೆದರೆ ಸಾಕಿತ್ತಂತೆ. ಈಗ ಅರ್ಧ ನಾಲಿಗೆ, ದವಡೆಯ ಒಂದು ಪಾಲು, ಕತ್ತಿನ ಗಂಟು. ಆಮೇಲೆ ಕರೆಂಟು ಕೊಡುವುದು, ರೇಡಿಯೇಷನ್ ಅಂತೆ. ಬೇಗ ಬರಬಾರದಿತ್ತೇ ಎಂದರು ಡಾಕ್ಟರಮ್ಮ.

ಹೆಂಡತಿ ಎಂದೂ ದನಿ ಎತ್ತಿದವಳಲ್ಲ. "ಬಂದಿದ್ವಲ್ಲ ತಾಯಿ. ಗೇಟಲ್ಲೇ ವಾಪಸ್ ಕಳಿಸಿದ್ರಿ."

ಡಾಕ್ಟರಮ್ಮ ಚೀಟಿಯಲ್ಲಿ ಆಪರೇಷನ್ನಿಗೆ ಸೇರುವ ತಾರೀಖು ಬರೆದರು, ಏಪ್ರಿಲ್ 13.

ಮಾರ್ಚ್ 28
ಆಪರೇಷನ್ ಖರ್ಚಿಗೆ ಹೊಲಿಗೆ ಮಷೀನು ಮಾರಿದೆವು. ಅಂಗಡಿಯ ಕೀ ಮಾಲೀಕನ ಕೈಗೆ ಹೋಯಿತು. ಮಗ ಇನ್ನೊಬ್ಬರ ಹತ್ತಿರ ಕೂಲಿಗೆ. ಅರ್ಧ ನಾಲಿಗೆಯವನಿಗೆ ಊಟದ ಖರ್ಚೂ ಅರ್ಧ ಎಂದು ತಮಾಷೆ ಮಾಡಿದೆ. ಯಾರೂ ನಗಲಿಲ್ಲ. ಬೈಗುಳವೂ ಅರ್ಧವೇ ಬರುತ್ತದೆ, ನಿನಗೆ ಆರಾಮ ಎಂದೆ ಹೆಂಡತಿಗೆ.

"ಬೈಸ್ಕೊಳ್ಳೋಕಾದ್ರೂ ನೀವಿರ್ಬೇಕು ಕಣ್ರೀ" ಎಂದು ಎದ್ದುಹೋದಳು.

ಏಪ್ರಿಲ್ 12
ನಾಳೆ ಸೇರಬೇಕಿತ್ತು. ಬಟ್ಟೆ ಚೀಲಕ್ಕೆ ತುಂಬಿ ಆಗಿತ್ತು. ಈಗ ಫೋನು — ಸೋಂಕು ಮತ್ತೆ ಏರಿದೆ, ಬೆಡ್ ಎಲ್ಲ ಕೊರೊನಾದವರಿಗೇ, ಆಪರೇಷನ್ ಮುಂದಕ್ಕೆ. ಯಾವತ್ತಿಗೆ? ತಿಳಿಸುತ್ತಾರಂತೆ.

ಕತ್ತಿನ ಇನ್ನೊಂದು ಪಕ್ಕದಲ್ಲೂ ಗಂಟು ಕೈಗೆ ಸಿಗುತ್ತಿದೆ. ಮನೆಯಲ್ಲಿ ಹೇಳಿಲ್ಲ.

ಸೊಸೆಯನ್ನು ಕೂರಿಸಿ ಆಸ್ಪತ್ರೆಗೆ ಮೆಸೇಜು ಹಾಕಿಸಿದೆ. ದಯವಿಟ್ಟು ಎಂದು ಸೇರಿಸಿದಳು. ತೆಗೆಸಿದೆ. ಇಷ್ಟೇ ಇರಲಿ ಎಂದೆ — ಕೊಯ್ಯುವುದು ಯಾವತ್ತು? ಹದಿನಾರನೇ ತಾರೀಖು ಶುಕ್ರವಾರದೊಳಗೆ ಉತ್ತರ ಬೇಕು.