ಏಸಿಯ ಜಾಲರಿ ಮತ್ತು ನಿನ್ನ ಕೆಮ್ಮು

ಗುಬ್ಬೀ,

ನೀನು ಕಾಲೇಜಿಗೆ ಹೋದಮೇಲೆ ನಿನ್ನಪ್ಪ ಒಬ್ಬನೇ, ಒಂದೇ ಕೈಯಲ್ಲಿ, ನಿನ್ನ ರೂಮಿನ ಏಸಿಯನ್ನು ಗೋಡೆಯಿಂದ ಕಿತ್ತು, ಎಳೆಮಗುವಿಗೆ ಎರೆದ ಹಾಗೆ ಸ್ನಾನ ಮಾಡಿಸಿ, ಮತ್ತೆ ತಗುಲಿಹಾಕಿದ್ದಾನೆ. ಇನ್ನೊಂದು ಕೈಯಲ್ಲಿ ಕಾಫಿ ಲೋಟ ಇತ್ತು. ಒಂದು ತೊಟ್ಟೂ ಚೆಲ್ಲಲಿಲ್ಲ.

ಜಾಲರಿ ಬಾಲ್ಕನಿಯ ನೆರಳಲ್ಲಿ ಒಣಗುತ್ತಿದೆ, ಮುಟ್ಟಬೇಡ. ಪೂರ್ತಿ ಒಣಗುವ ತನಕ ಏಸಿ ಹಾಕಬೇಡ, ಕಿಟಕಿ ತೆಗೆದಿಡು. ಸೆಕೆಯಾದರೆ ನನ್ನ ರೂಮಿನಲ್ಲಿ ಮಲಗು. ಕೆಮ್ಮಿನ ಔಷಧಿ ಊಟವಾದಮೇಲೆ. ಮರೆತೆಯೋ, ಬೈಸಿಕೊಳ್ಳುತ್ತೀಯ.

ನಾಲ್ಕು ಗಂಟೆಗೆ ಏಸಿ ಮೆಕ್ಯಾನಿಕ್ ಮತ್ತೆ ಬರುತ್ತಾನೆ, ಹೊರಗಿನ ಯೂನಿಟ್ ತೊಳೆಯಲು. ಚಹಾ ಮಾಡಿಕೊಡು. ನನ್ನ ಬಗ್ಗೆ ಅವನು ಏನೇ ಹೇಳಿದರೂ ನಂಬಬೇಡ.

ಅಯ್ಯೋ, 'ಮತ್ತೆ ಬರುತ್ತಾನೆ' ಎಂದು ಬರೆದು ನಾನೇ ಸಿಕ್ಕಿಬಿದ್ದೆನಲ್ಲ! ಪೆನ್ನಿನ ಬರಹ, ಅಳಿಸಲೂ ಆಗದು.

ಹೌದಮ್ಮ, ಬೆಳಿಗ್ಗೆ ಬಿಚ್ಚಿದವನು ಅವನೇ. ಧೂಳು ಮೆತ್ತಿದ ಜಾಲರಿಯನ್ನು ಎತ್ತಿ ಹಿಡಿದು, "ಸಾರ್, ಇದೇನು ಫಿಲ್ಟರಾ, ಕಂಬಳೀನಾ? ಒಂದು ವರ್ಷದಿಂದ ಯಾರೂ ಮುಟ್ಟೇ ಇಲ್ವಲ್ಲ!" ಎಂದ. ಪ್ರತಿ ತಿಂಗಳೂ ತೊಳೆದೆನೆಂದು ನಿನ್ನ ಮುಂದೆ ಎದೆ ತಟ್ಟಿಕೊಳ್ಳುತ್ತಿದ್ದೆ. ಒರೆಸುತ್ತಿದ್ದದ್ದು ಕೈಗೆಟುಕುವ ಹೊರಮೈ ಮಾತ್ರ. ಸ್ಟೂಲ್ ಹತ್ತಿದರೆ ನನಗೆ ಕಾಲು ನಡುಗುತ್ತದೆ, ಮಗಳೇ. ಹಾಗೆಂದು ಹೇಳಲು ನಾಚಿಕೆಯಾಗಿ, ಎರಡು ತಿಂಗಳಾದರೂ ನಿನ್ನ ಕೆಮ್ಮು ನಿಲ್ಲದ್ದಕ್ಕೆ ಪಾಪ ಆ ಡಾಕ್ಟರನ್ನು ಬೈಯುತ್ತ ಕೂತೆ. ತಪ್ಪು ನನ್ನದು.

ಮುಂದಿನ ತಿಂಗಳಿಂದ ಸ್ಟೂಲ್ ನೀನು ಹತ್ತು. ಕೆಳಗೆ ನಾನು ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ.

ಅಪ್ಪ