ಮೆಲ್ಲ ಉಜ್ಜು, ತಾನ್ಯಾ

ತಾನ್ಯಾ ಬಾಯೆ,

ಡ್ಯೂಟಿಗೆ ಹೊರಟೆ. ನಿನ್ನ ಗಟ್ಟಿ ಬ್ರಶ್ಶನ್ನು ಬಿಸಾಡಿದ್ದೇನೆ. ಡಾಕ್ಟರ್ ಹೇಳಿದ ಮೆತ್ತನೆಯದು ಸಿಂಕಿನ ಹತ್ತಿರ ಇದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಮೆಲ್ಲ ಉಜ್ಜಿದರೆ ಸಾಕು. ತಿಂದ ಕೂಡಲೇ ಹಲ್ಲುಜ್ಜಲು ಬಾತ್‌ರೂಮಿಗೆ ಓಡಬೇಡ, ನೀರು ಮುಕ್ಕಳಿಸು. ಫ್ರಿಜ್ಜಿನಲ್ಲಿ ಮಾವಿನಹಣ್ಣು ಹೆಚ್ಚಿಟ್ಟಿದ್ದೇನೆ, ಹೆದರದೆ ತಿನ್ನು.

ನಿನ್ನೆ ಬರ್ ದುಬೈಯ ಕ್ಲಿನಿಕ್ಕಿನಲ್ಲಿ, ಉಜ್ಜಿ ಉಜ್ಜಿ ಹಲ್ಲಿನ ಮೇಲ್ಪದರ ಸವೆದಿದೆ ಎಂದು ಡಾಕ್ಟರ್ ಹೇಳಿದಾಗ, "ಹೀಗೆ ತಿಕ್ಲಿಕ್ಕೆ ಯಾರು ಹೇಳಿದ್ದು ನಿಂಗೆ?" ಎಂದು ನಾನು ಅವರ ಎದುರೇ ಬೈದೆ. ನೀನು ತಲೆ ತಗ್ಗಿಸಿದೆ, ನನ್ನ ಹೆಸರು ಹೇಳಲಿಲ್ಲ. ಹುಳುಕಾದರೆ ಹಲ್ಲೆಲ್ಲ ಕೀಳಿಸಬೇಕಾಗುತ್ತದೆ ಎಂದು ದಿನಾ ಹೆದರಿಸಿದ್ದು ನಾನೇ ಅಲ್ಲವಾ? ಮುಂದಿನ ಸಲ ಅದನ್ನು ಡಾಕ್ಟರಿಗೆ ನಾನೇ ಹೇಳುತ್ತೇನೆ, ನಿನಗೂ ಕೇಳಿಸುವ ಹಾಗೆ.

ಮಮ್ಮಿ